ಕಟ್ಟುತ್ತಿರುವ ಮನೆಗೆ ವಿಮೆ: ಪಾಯ ತೋಡುವ ಮೊದಲು ಓದಬೇಕಾದದ್ದು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಮನೆ ಕಟ್ಟಿಸುತ್ತಿರುವವರನ್ನು ವಿಮೆ ಮಾಡಿಸಿದ್ದೀರಾ ಎಂದು ಕೇಳಿದರೆ ಎಷ್ಟೋ ಜನ ಹೌದು ಎನ್ನುತ್ತಾರೆ. ಕಾಗದ ತೆಗೆಸಿ ನೋಡಿದರೆ ಅದು ಗೃಹಸಾಲದ ಜೊತೆ ಬ್ಯಾಂಕಿನಲ್ಲಿ ಮಾಡಿಸಿದ ಜೀವವಿಮೆ. ಸಾಲ ತೆಗೆದವರು ತೀರಿಕೊಂಡರೆ ಸಾಲ ತೀರಿಸುವುದಷ್ಟೇ ಅದರ ಕೆಲಸ. ರಾತ್ರಿ ಕಬ್ಬಿಣ ಕಳುವಾದರೆ, ಮಳೆಗೆ ಗೋಡೆ ಬಿದ್ದರೆ, ಗೌಂಡಿ ಮೇಲಿನಿಂದ ಜಾರಿದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಇನ್ನು ಕೆಲವರ ಹತ್ತಿರ ನಿಜವಾದ ಮನೆ ವಿಮೆಯೇ ಇರುತ್ತದೆ, ಆದರೆ ಅದು ಕಟ್ಟಿ ಮುಗಿದು ಜನ ವಾಸವಿರುವ ಮನೆಗೆ ಬರೆದದ್ದು. ವಿಮಾ ಕಂಪನಿಯ ಕಣ್ಣಿಗೆ ಕಟ್ಟುತ್ತಿರುವ ಮನೆ ಬೇರೆ, ಕಟ್ಟಿದ ಮನೆ ಬೇರೆ, ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟುವುದು ಇನ್ನೂ ಬೇರೆ. ಮೂರಕ್ಕೂ ಕಾಗದ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವ ದಿನವೇ ಹೆಚ್ಚಿನವರು ಬರಿಗೈಯಲ್ಲಿ ನಿಲ್ಲುತ್ತಾರೆ.

ಕಟ್ಟುವ ಹಂತಕ್ಕೆ ಬೇಕಾದದ್ದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ. ಹೆಸರಿನಲ್ಲಿ ಕಾಂಟ್ರಾಕ್ಟರ್ ಎಂದಿದ್ದರೂ ಮನೆಯ ಮಾಲೀಕರು ತಮ್ಮ ಹೆಸರಿನಲ್ಲೇ, ಅಥವಾ ಗುತ್ತಿಗೆದಾರನ ಹೆಸರನ್ನೂ ಸೇರಿಸಿ ಇದನ್ನು ತೆಗೆದುಕೊಳ್ಳಬಹುದು. ಇದರಲ್ಲಿ ಎರಡು ಭಾಗ. ಮೊದಲನೆಯದು ಕಟ್ಟಡಕ್ಕೆ ಮತ್ತು ಸೈಟಿನಲ್ಲಿ ಇಳಿಸಿದ ಸಾಮಾನಿಗೆ ಆದ ಹಾನಿ: ಬೆಂಕಿ, ಪ್ರವಾಹ, ಬಿರುಗಾಳಿ, ಸಿಡಿಲು, ಕುಸಿತ, ಕಳವು. ಎರಡನೆಯದು ಕೆಲಸದಿಂದ ಹೊರಗಿನವರಿಗೆ, ಅಂದರೆ ದಾರಿಹೋಕರಿಗೆ ಅಥವಾ ಬಾಜೂ ಮನೆಯವರಿಗೆ, ಆದ ನಷ್ಟದ ಹೊಣೆ. ಆಲ್ ರಿಸ್ಕ್ ಎಂದರೆ ಹೊರಗಿಟ್ಟ ಕಾರಣಗಳ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಒಳಗಿದೆ ಎಂದು ಅರ್ಥ. ಹಾಗಾಗಿ ಈ ಪಾಲಿಸಿಯಲ್ಲಿ ಮೊದಲು ಓದಬೇಕಾದದ್ದು ಆ ಹೊರಗಿಟ್ಟ ಪಟ್ಟಿಯನ್ನೇ.

ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಕೊಳ್ಳುವ ಪಾಲಿಸಿ ಇದಲ್ಲ. ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ, ಈ ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಯಾವುದಾದರೂ ಒಂದರ ಶಾಖೆಗೆ ಹೋಗಿ ಎಂಜಿನಿಯರಿಂಗ್ ವಿಭಾಗದ ಪಾಲಿಸಿ ಬೇಕೆಂದು ಕೇಳಿ. ಖಾಸಗಿ ಕಂಪನಿಗಳಲ್ಲೂ ಸಿಗುತ್ತದೆ. ಮಂಜೂರಾದ ನಕ್ಷೆ, ಎಂಜಿನಿಯರು ಸಹಿ ಮಾಡಿದ ಅಂದಾಜುಪಟ್ಟಿ, ಗುತ್ತಿಗೆ ಕರಾರು, ಕೆಲಸ ಶುರುವಾಗುವ ಮತ್ತು ಮುಗಿಯುವ ದಿನಾಂಕ, ಇಷ್ಟು ಒಯ್ಯಬೇಕು. ಅರ್ಜಿಯಲ್ಲಿ ಮಣ್ಣು ಯಾವುದು, ಹೊಳೆ-ಹಳ್ಳ ಎಷ್ಟು ದೂರ, ಹಿಂದೆ ಅಲ್ಲಿ ನೀರು ನಿಂತಿತ್ತೇ ಎಂದು ಕೇಳುತ್ತಾರೆ. ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆಯ ತುಂಗಭದ್ರಾ ದಂಡೆಯವರು, ಕೃಷ್ಣೆಯ ಬದಿಯ ದೇವದುರ್ಗ, ಲಿಂಗಸುಗೂರಿನವರು 2009ರ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಮುಚ್ಚಿಡದೆ ಬರೆಯಬೇಕು. ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಬಂದರೆ ಇಡೀ ಪಾಲಿಸಿಯೇ ಬಿದ್ದುಹೋಗುತ್ತದೆ. 2024ರ ಆಗಸ್ಟ್ 10ರಂದು ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾದಾಗ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಅಂಥ ಸುದ್ದಿ ಬಂದ ಮೇಲೆ ಪಾಲಿಸಿ ಕೊಳ್ಳಲು ಓಡಿದರೆ ಯಾವ ಶಾಖೆಯೂ ಸುಲಭಕ್ಕೆ ಕೊಡುವುದಿಲ್ಲ. ಪಾಯದ ಪೂಜೆಗಿಂತ ಮೊದಲೇ ಕೈಯಲ್ಲಿರಬೇಕು.

ವಿಮಾ ಮೊತ್ತ ಬರೆಸುವಾಗ ಆಗುವ ಎಡವಟ್ಟು ನಮ್ಮ ಕಡೆ ಬಹಳ ಸಾಮಾನ್ಯ, ಯಾಕೆಂದರೆ ಇಲ್ಲಿ ಕೂಲಿ ಗುತ್ತಿಗೆಯೇ ಹೆಚ್ಚು. ಕಬ್ಬಿಣ, ಸಿಮೆಂಟು, ಉಸುಕು, ಖಡಿ ಎಲ್ಲ ಮಾಲೀಕರೇ ತಂದುಕೊಡುತ್ತಾರೆ, ಗೌಂಡಿಯ ಕರಾರಿನಲ್ಲಿ ಕೂಲಿಯ ಮೊತ್ತ ಮಾತ್ರ ಇರುತ್ತದೆ. ಆ ಕರಾರು ತೋರಿಸಿ ಅಷ್ಟೇ ಮೊತ್ತಕ್ಕೆ ಪಾಲಿಸಿ ಮಾಡಿಸಿದರೆ ಏನಾಗುತ್ತದೆ ನೋಡಿ. 30×40 ಸೈಟಿನಲ್ಲಿ ಕೆಳಗೆ-ಮೇಲೆ ಸೇರಿ 1,600 ಚದರಡಿ, ಚದರಡಿಗೆ 2,000 ರೂಪಾಯಿ ಹಿಡಿದರೆ ಮುಗಿದ ಮನೆಯ ಬೆಲೆ 32 ಲಕ್ಷ. ಕೂಲಿ ಕರಾರು 6 ಲಕ್ಷದ್ದು. ಪಾಲಿಸಿಯೂ 6 ಲಕ್ಷಕ್ಕೆ ಆಯಿತು. ಬಿರುಗಾಳಿಗೆ 4 ಲಕ್ಷದ ಹಾನಿಯಾದರೆ ಕಂಪನಿ 4 ಲಕ್ಷ ಕೊಡುವುದಿಲ್ಲ. 32ರಲ್ಲಿ 6 ಎಷ್ಟು ಪಾಲೋ ಅಷ್ಟೇ ಕೊಡುತ್ತದೆ, ಅಂದರೆ 75,000 ರೂಪಾಯಿ. ಅದರಲ್ಲೂ ಎಕ್ಸೆಸ್, ಅಂದರೆ ನೀವೇ ಹೊರಬೇಕಾದ ಪಾಲು, ಮುರಿದುಕೊಳ್ಳುತ್ತದೆ. ಈ ಪಾಲಿಸಿಯಲ್ಲಿ ವಿಮಾ ಮೊತ್ತ ಎಂದರೆ ಕೆಲಸ ಪೂರ್ತಿ ಮುಗಿದಾಗಿನ ಬೆಲೆ: ಸಾಮಾನು, ಕೂಲಿ, ಸಾಗಣೆ, ತೆರಿಗೆ ಎಲ್ಲ ಸೇರಿ, ಯಾರು ತಂದುಕೊಟ್ಟರೂ ಸರಿ. ಕೆಲಸ ನಡೆಯುವಾಗ ದರ ಏರಿದರೂ ಮೊತ್ತ ಸಾಲುವಂತೆ ಎಸ್ಕಲೇಶನ್ ಕಲಮು ಕೇಳಿ ಹಾಕಿಸಿ. ಬಿದ್ದದ್ದನ್ನು ತೆಗೆದು ಸಾಗಿಸುವ ಖರ್ಚಿಗೂ ಬೇರೆ ಮಿತಿ ಬರೆಸಬೇಕು.

ಎಕ್ಸೆಸ್ ಎಂದರೆ ಪ್ರತಿ ನಷ್ಟದಲ್ಲಿ ನೀವೇ ಹೊರಬೇಕಾದ ಮೊದಲ ಭಾಗ. ಪ್ರವಾಹ, ಬಿರುಗಾಳಿಯಂಥ ಪ್ರಕೃತಿ ವಿಕೋಪಕ್ಕೆ ಒಂದು ಅಂಕಿ, ಉಳಿದ ನಷ್ಟಕ್ಕೆ ಇನ್ನೊಂದು ಅಂಕಿ ಇರುತ್ತದೆ, ಮೊದಲನೆಯದೇ ದೊಡ್ಡದು. ಸಣ್ಣ ಮನೆಗೆ ದೊಡ್ಡ ಎಕ್ಸೆಸ್ ಬರೆದುಕೊಟ್ಟರೆ ಪಾಲಿಸಿ ಇದ್ದೂ ಇಲ್ಲದಂತೆ. ಪ್ರೀಮಿಯಂ ಎಷ್ಟು ಎನ್ನುವುದಕ್ಕಿಂತ ಮೊದಲು ಎಕ್ಸೆಸ್ ಎಷ್ಟು ಎಂದು ಕೇಳಿ. ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಸ್ಲ್ಯಾಬು, ಕಬ್ಬಿಣ, ಎರೆಮಣ್ಣು

ಹೊರಗಿಟ್ಟ ಪಟ್ಟಿಯಲ್ಲಿ ಮೊದಲು ಕಾಣುವುದು ತಪ್ಪು ವಿನ್ಯಾಸ. ನಕ್ಷೆಯಲ್ಲೇ ಬೀಮು ಕಡಿಮೆ ಬಿದ್ದು ಅದರಿಂದ ಕುಸಿದರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಕಳಪೆ ಕೆಲಸದ ವಿಷಯ ಸ್ವಲ್ಪ ಸೂಕ್ಷ್ಮ, ಇಲ್ಲಿ ಜನ ಸಿಗಬೇಕಾದ ಹಣವನ್ನೂ ಬಿಟ್ಟುಬರುತ್ತಾರೆ. ಕಳಪೆಯಾಗಿ ಕಟ್ಟಿದ ಭಾಗವನ್ನು ಸರಿಪಡಿಸುವ ಖರ್ಚು ಸಿಗುವುದಿಲ್ಲ, ನಿಜ. ಆದರೆ ಅದು ಬೀಳುವಾಗ ಸರಿಯಾಗಿ ಕಟ್ಟಿದ್ದ ಬೇರೆ ಭಾಗ ಹಾಳಾದರೆ ಆ ಭಾಗದ ನಷ್ಟ ಸಿಗುತ್ತದೆ. ಕಾಂಕ್ರೀಟ್ ಹಾಕುವ ಹಿಂದಿನ ರಾತ್ರಿ ಮಳೆಯಾಗಿ ನೆಲ ನೆನೆದಿದೆ, ಸೆಂಟ್ರಿಂಗ್ ಕಂಬಗಳ ಬುಡಕ್ಕೆ ಹಲಗೆ ಕೊಟ್ಟಿಲ್ಲ, ಭಾರ ಬಿದ್ದೊಡನೆ ಕಂಬ ಮಣ್ಣಿಗೆ ಇಳಿದು ಸ್ಲ್ಯಾಬು ಕೆಳಗೆ ಬಂತು ಎನ್ನಿ. ಸೆಂಟ್ರಿಂಗ್ ಸರಿಮಾಡುವ ಖರ್ಚು ನಿಮ್ಮದು. ಆ ಹೊಡೆತಕ್ಕೆ ಬಿದ್ದ, ಮೊದಲೇ ಸರಿಯಾಗಿ ಕಟ್ಟಿದ್ದ ಗೋಡೆ ಮತ್ತು ಕಾಲಮ್ಮುಗಳ ನಷ್ಟ ಕಂಪನಿಯದು. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದಾಗ ಇಡೀ ನಷ್ಟವನ್ನು ಒಂದೇ ಮೊತ್ತ ಮಾಡಿ ಹೇಳಬೇಡಿ. ಎಂಜಿನಿಯರಿಂದ ಭಾಗವಾರು ಅಂದಾಜು ಬರೆಸಿಕೊಡಿ. ಸೆಂಟ್ರಿಂಗ್ ಹಲಗೆ, ಕಬ್ಬಿಣದ ಪ್ರಾಪು, ಮಿಕ್ಸರು ಇವಕ್ಕೆ ನಷ್ಟ ಸಿಗಬೇಕಾದರೆ ಅವನ್ನು ಪಾಲಿಸಿಯ ಪಟ್ಟಿಯಲ್ಲಿ ಬೇರೆಯಾಗಿ ಬೆಲೆಯ ಸಮೇತ ನಮೂದಿಸಿರಬೇಕು.

ಸ್ಲ್ಯಾಬು ಬಿದ್ದ ಕ್ಲೇಮಿನಲ್ಲಿ ಸರ್ವೇಯರ್ ತಪ್ಪದೆ ಕೇಳುವ ಪ್ರಶ್ನೆ, ಕಾಂಕ್ರೀಟ್ ಯಾವತ್ತು ಹಾಕಿದ್ದು, ಸೆಂಟ್ರಿಂಗ್ ಯಾವತ್ತು ಬಿಚ್ಚಿದ್ದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಇಡಬೇಕು. 6 ಮೀಟರ್‌ವರೆಗಿನ ಬೀಮಿಗೆ 14, ಅದಕ್ಕೂ ಉದ್ದದ್ದಕ್ಕೆ 21 ದಿನ. ಇದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ನಮ್ಮ ಕಡೆ ಹೆಚ್ಚಾಗಿ ಬಳಸುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುವುದರಿಂದ ಇನ್ನಷ್ಟು ದಿನ ಬಿಡಬೇಕು. ಸೆಂಟ್ರಿಂಗ್ ಬಾಡಿಗೆ ಉಳಿಸಲು ಐದನೇ ದಿನಕ್ಕೆ ಬಿಚ್ಚಿ ಬಿದ್ದರೆ ಅದನ್ನು ಘೋರ ನಿರ್ಲಕ್ಷ್ಯ ಎಂದು ಬರೆಯುತ್ತಾರೆ, ಕ್ಲೇಮು ಅಲ್ಲಿಗೆ ಮುಗಿಯಿತು. ಕಾಂಕ್ರೀಟ್ ಹಾಕಿದ ದಿನ ಮತ್ತು ಬಿಚ್ಚಿದ ದಿನ ಎರಡರ ಫೋಟೋವನ್ನೂ ದಿನಾಂಕ ಕಾಣುವಂತೆ ತೆಗೆದಿಡಿ.

ಕಬ್ಬಿಣದ ಕಳವಿಗೆ ಹಣ ಸಿಗುತ್ತದೆ, ಆದರೆ ಲೆಕ್ಕ ಹಾಕುವಾಗ ಕಡಿಮೆ ಬಂತು ಎನ್ನುವುದಕ್ಕೆ ಸಿಗುವುದಿಲ್ಲ. ಇಂಥ ರಾತ್ರಿ ಇಷ್ಟು ಹೋಯಿತು ಎಂದು ತೋರಿಸಬೇಕು, ಎಫ್‌ಐಆರ್ ಇರಬೇಕು. ಅದಕ್ಕೆ ಸೈಟಿನಲ್ಲಿ ಒಂದು ರಿಜಿಸ್ಟರ್ ಇಟ್ಟು ಬಂದದ್ದು, ಬಳಸಿದ್ದು, ಉಳಿದದ್ದು ಬರೆಯುವುದು ಬಹಳ ಮುಖ್ಯ. ಸರಳಿನ ಲೆಕ್ಕ ಸುಲಭ: 12 ಮೀಟರ್ ಉದ್ದದ ಒಂದು ಸರಳು 8 ಎಂಎಂ ಆದರೆ ಸುಮಾರು 4.74 ಕೆಜಿ, 10 ಎಂಎಂ 7.4, 12 ಎಂಎಂ 10.66, 16 ಎಂಎಂ ಸುಮಾರು 19 ಕೆಜಿ. ಕಾಟಾ ಚೀಟಿಯ ತೂಕವನ್ನು ಸರಳಿನ ಎಣಿಕೆಯೊಡನೆ ತಾಳೆ ನೋಡಿ ಅಲ್ಲೇ ಬರೆದಿಡಿ. ಜಿಎಸ್‌ಟಿ ಬಿಲ್ಲಿಲ್ಲದೆ ಕಡಿಮೆ ದರಕ್ಕೆ ತಂದ ಸಾಮಾನಿಗೆ ಕ್ಲೇಮಿನ ದಿನ ಬೆಲೆ ಸಾಬೀತು ಮಾಡಲು ಆಗುವುದಿಲ್ಲ. ಸಿಮೆಂಟಿನ ಚೀಲ ನೆಲದ ಮೇಲೆ ಒಟ್ಟಿ ನೆನೆಸಿಕೊಂಡರೆ ಅದಕ್ಕೂ ಹಣವಿಲ್ಲ. ಹಲಗೆಯ ಮೇಲೆ, ಗೋಡೆಯಿಂದ ದೂರ, ತಾಡಪಾಲು ಹೊದಿಸಿ ಇಟ್ಟಿದ್ದರೆ ಮಾತ್ರ ಎಚ್ಚರಿಕೆ ವಹಿಸಿದ್ದಿರಿ ಎಂದು ಒಪ್ಪುತ್ತಾರೆ.

ಇನ್ನು ಎರೆಭೂಮಿ. ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಬಹಳಷ್ಟು ಕಡೆ ಕರಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಈ ಉಬ್ಬು-ತಗ್ಗಿಗೆ ಗೋಡೆಯಲ್ಲಿ, ಕಿಟಕಿಯ ಮೂಲೆಗಳಲ್ಲಿ ಓರೆ ಬಿರುಕು ಬರುವುದೇ ನಮ್ಮ ಮನೆಗಳ ಅತಿ ಸಾಮಾನ್ಯ ಹಾನಿ. ಅದಕ್ಕೆ ಕಟ್ಟುವಾಗಿನ ಪಾಲಿಸಿಯೂ ಹಣ ಕೊಡುವುದಿಲ್ಲ, ಕಟ್ಟಿದ ಮೇಲಿನ ಪಾಲಿಸಿಯೂ ಕೊಡುವುದಿಲ್ಲ. ಆಕಸ್ಮಿಕವಾಗಿ ಒಂದು ದಿನ ಆದದ್ದಲ್ಲ, ನಿಧಾನವಾಗಿ ಆದದ್ದು ಎಂಬುದು ಒಂದು ಕಾರಣ. ಹೊಸ ಕಟ್ಟಡ ಕೂರುವಾಗಿನ ಬಿರುಕು, ತುಂಬಿದ ಮಣ್ಣು ಕುಸಿಯುವುದು, ವಿನ್ಯಾಸದ ದೋಷ ಇವನ್ನು ಮನೆ ವಿಮೆಯ ಭೂಕುಸಿತದ ಕಲಮಿನಲ್ಲೇ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ, ಇದು ಇನ್ನೊಂದು. ಆದ್ದರಿಂದ ಎರೆಮಣ್ಣಿನಲ್ಲಿ ಪಾಲಿಸಿಯನ್ನು ನಂಬಿ ಪಾಯದಲ್ಲಿ ಉಳಿಸಬೇಡಿ. ಮಣ್ಣು ಪರೀಕ್ಷೆ ಮಾಡಿಸಿ. ಎರೆಯ ಪದರ ತೆಳ್ಳಗಿದ್ದರೆ ಪೂರ್ತಿ ತೆಗೆದು ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಧಮ್ಮಸು ಮಾಡಿಸಿ. ಆಳವಾಗಿದ್ದರೆ ಎಂಜಿನಿಯರನ್ನು ಕೇಳಿ ಅಂಡರ್‌ರೀಮ್ಡ್ ಪೈಲು ಮತ್ತು ಪ್ಲಿಂತ್ ಬೀಮು ಹಾಕಿಸಿ. ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಈ ಪೈಲು ಮಣ್ಣು ಉಬ್ಬುವ-ಕುಗ್ಗುವ ಪದರವನ್ನು ದಾಟಿ ಕೆಳಗೆ ಹಿಡಿದುಕೊಳ್ಳುತ್ತದೆ. ಕೊಪ್ಪಳದ ಮಸಾರಿ ನೆಲದಲ್ಲಿ, ಕಲ್ಲು ಬೇಗ ಸಿಗುವ ಕಡೆ, ಈ ಚಿಂತೆ ಕಡಿಮೆ.

ಕೆಲಸ ನಿಲ್ಲಿಸುವುದು ಇನ್ನೊಂದು ಗುಂಡಿ. ಆಷಾಢ ಬಂತು ಎಂದು, ಕಂತು ಬಿಡುಗಡೆಯಾಗಲಿಲ್ಲ ಎಂದು, ಆಳುಗಳು ಸುಗ್ಗಿಗೆ ಊರಿಗೆ ಹೋದರು ಎಂದು ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ. ಪೂರ್ತಿಯಾಗಲಿ ಅರ್ಧವಾಗಲಿ, ಕೆಲಸ ನಿಂತ ಕಾರಣಕ್ಕೆ ಆದ ನಷ್ಟ ಪಾಲಿಸಿಯ ಹೊರಗಿದೆ. ನಿಲ್ಲಿಸುವ ಮೊದಲೇ ಕಂಪನಿಗೆ ಮೇಲ್ ಮಾಡಿ ತಿಳಿಸಿ, ಆ ಅವಧಿಗೆ ಏನು ರಕ್ಷಣೆ ಉಳಿಯುತ್ತದೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಹತ್ತು ತಿಂಗಳೆಂದು ಬರೆಸಿದ ಕೆಲಸ ಹದಿನಾಲ್ಕು ತಿಂಗಳಾಗುವುದು ಮಾಮೂಲು. ಅವಧಿ ಮುಗಿಯುವ ಮೊದಲು ಹೆಚ್ಚಿನ ಪ್ರೀಮಿಯಂ ಕಟ್ಟಿ ವಿಸ್ತರಿಸಬೇಕು, ಮುಗಿದ ಮೇಲೆ ಹಿಂದಿನ ದಿನಾಂಕದಿಂದ ಯಾರೂ ಕೊಡುವುದಿಲ್ಲ.

ಬಾಜೂ ಮನೆ ಮತ್ತು ಆಳುಗಳು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ, ರಾಯಚೂರಿನ ಹಳೆ ಓಣಿಗಳಲ್ಲೋ ಹಳೆ ಮನೆ ಕೆಡವಿ ಕಟ್ಟುವಾಗ ಪಕ್ಕದ ಗೋಡೆ ಕಲ್ಲು-ಮಣ್ಣಿನದಾಗಿರುವುದು ಉಂಟು. ನೀರಿನ ಸಂಪು ಮಾಡಲು ಅದರ ಬುಡದಲ್ಲೇ ಎಂಟಡಿ ತೋಡಿದರೆ ಆ ಗೋಡೆಗೆ ಆಸರೆಯೇ ಹೋಗುತ್ತದೆ. ಮೂರನೆಯವರ ಹೊಣೆಯ ಭಾಗ ಇದ್ದರೂ, ನಡುಕದಿಂದ ಅಥವಾ ಆಸರೆ ತೆಗೆದದ್ದರಿಂದ ಆದ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಇರುವುದಿಲ್ಲ. ಅದಕ್ಕೆ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ಕಲಮು, ಅಂದರೆ ಬೇರೆ ಎಂಡಾರ್ಸ್‌ಮೆಂಟ್ ಇದೆ, ಕೇಳಿ ಹಾಕಿಸಬೇಕು. ಅದರ ಷರತ್ತುಗಳೂ ಕಟ್ಟುನಿಟ್ಟು: ಪಕ್ಕದ ಕಟ್ಟಡ ಪೂರ್ತಿಯಾಗಿ ಅಥವಾ ಭಾಗಶಃ ಕುಸಿದಿರಬೇಕು, ಬರೀ ಬಿರುಕಿಗೆ ಹಣವಿಲ್ಲ, ಕೆಲಸ ಶುರುಮಾಡುವ ಮೊದಲು ಅದು ಗಟ್ಟಿಯಾಗಿತ್ತು ಎಂಬ ವರದಿ ನಿಮ್ಮ ಖರ್ಚಿನಲ್ಲೇ ಆಗಿರಬೇಕು. ಕೆಡಹುವ ಮೊದಲು ಬಾಜೂ ಮನೆಯವರನ್ನು ಜೊತೆಗೆ ಕರೆದು, ಈಗಾಗಲೇ ಇರುವ ಬಿರುಕುಗಳನ್ನು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಎಂಜಿನಿಯರಿಂದ ಒಂದು ಪುಟ ಬರೆಸಿ ಅವರ ಸಹಿ ತೆಗೆದುಕೊಳ್ಳಿ. ವಿಮೆ ಇರಲಿ ಬಿಡಲಿ, ಈ ಒಂದು ಪುಟ ಎರಡು ಮನೆಗಳ ನಡುವಿನ ಮಾತು ಕೆಡದಂತೆ ಕಾಯುತ್ತದೆ.

ಈ ಮೂರನೆಯವರ ಭಾಗದಲ್ಲಿ ಕೆಲಸಗಾರರು ಬರುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೇಲಿನಿಂದ ಇಟ್ಟಿಗೆ ಬಿದ್ದು ದಾರಿಹೋಕರಿಗೆ ಪೆಟ್ಟಾದರೆ ಅದು ಒಳಗೆ. ಅದೇ ಇಟ್ಟಿಗೆ ಕೆಳಗಿದ್ದ ಆಳಿನ ಮೇಲೆ ಬಿದ್ದರೆ ಹೊರಗೆ. ಕೆಲಸಗಾರರಿಗೆ ನೌಕರರ ಪರಿಹಾರ ಪಾಲಿಸಿ ಬೇರೆಯೇ ಬೇಕು, ಏಜೆಂಟರು ಇನ್ನೂ ಹಳೆ ಹೆಸರಿನಲ್ಲಿ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಶನ್) ಪಾಲಿಸಿ ಎನ್ನುತ್ತಾರೆ. ನಮ್ಮ ಪ್ರಕಾರ ಹಣ ಒಂದೇ ಪಾಲಿಸಿಗೆ ಸಾಕಾಗುವಂತಿದ್ದರೆ ಮೊದಲು ತೆಗೆದುಕೊಳ್ಳಬೇಕಾದದ್ದು ಇದನ್ನೇ. ಗೋಡೆ ಮತ್ತೆ ಕಟ್ಟಬಹುದು.

ಪರಿಹಾರದ ಸೂತ್ರ 1923ರ ನೌಕರರ ಪರಿಹಾರ ಕಾಯ್ದೆಯದು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಮುಂದುವರಿದಿದೆ. ಸಾವು ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. 30 ವರ್ಷದವರಿಗೆ ಆ ಗುಣಾಂಕ 207.98. 2020ರ ಅಧಿಸೂಚನೆಯ ಮಿತಿಯಂತೆ ಕೂಲಿಯನ್ನು 15,000 ಹಿಡಿದರೆ 7,500ನ್ನು 207.98ರಿಂದ ಗುಣಿಸಿ 15,59,850 ರೂಪಾಯಿ. ದಿನಗೂಲಿಗೆ ನೀವೇ ಆಳು ಹಚ್ಚಿಕೊಂಡಿದ್ದರೆ ಈ ಹೊಣೆ ನೇರ ನಿಮ್ಮ ಕೊರಳಿಗೆ. ಗುತ್ತಿಗೆದಾರನ ಮೂಲಕ ಬಂದಿದ್ದರೆ ಮೊದಲ ಹೊಣೆ ಅವನದೇ, ಆದರೂ ಕೇಸಿನಲ್ಲಿ ಮಾಲೀಕರನ್ನೂ ಸೇರಿಸುವುದು ರೂಢಿ. ಪಾಲಿಸಿಯಲ್ಲಿ ಗೌಂಡಿ, ಹೆಲ್ಪರ್, ಬಾರ್ ಬೆಂಡರ್, ಪೇಂಟರ್ ಎಂದು ಕೆಲಸವಾರು ಎಷ್ಟು ಜನ, ಕೂಲಿ ಎಷ್ಟು ಎಂದು ನಿಜದಷ್ಟೇ ಬರೆಸಿ. ಹತ್ತು ಜನ ದುಡಿಯುವಲ್ಲಿ ನಾಲ್ವರೆಂದು ಬರೆಸಿದರೆ ಅದೇ ಜಗಳಕ್ಕೆ ಮೂಲ. ಗುತ್ತಿಗೆದಾರನ ಆಳುಗಳನ್ನೂ ಒಳಗೊಳ್ಳುವ ವಿಸ್ತರಣೆ ಮತ್ತು ಆಸ್ಪತ್ರೆ ಖರ್ಚಿನ ವಿಸ್ತರಣೆ, ಇವೆರಡನ್ನೂ ಕೇಳಿ ಹಾಕಿಸಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡು ಇದ್ದರೆ ಅವರಿಗೆ ಅಲ್ಲಿಂದ ಬರುವ ನೆರವು ಬೇರೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ಬ್ಯಾಂಕ್ ಖಾತೆ ಇರುವ ಪ್ರತಿ ಆಳಿಗೂ ಅದು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾಡಿಸಿಕೊಡಿ. ಇವೆರಡೂ ನಿಮ್ಮ ಹೊಣೆಯನ್ನು ಇಳಿಸುವುದಿಲ್ಲ, ಆ ಕುಟುಂಬಕ್ಕೆ ಆಸರೆಯಾಗುತ್ತವೆ. ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡ ದಿನವೇ ಕರೆಂಟ್ ಸೋರಿದೊಡನೆ ಲೈನು ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕ್ಯೂರಿಂಗ್ ನೀರು, ಒದ್ದೆ ಕೈ, ಜೋಡಿಸಿದ ವೈರು ಒಂದೇ ಕಡೆ ಸೇರುವ ಜಾಗ ಅದು.

ಗೃಹಪ್ರವೇಶದ ದಿನ

ಮುಹೂರ್ತ ಸಿಕ್ಕಿತೆಂದು ಮೇಲಿನ ಮಹಡಿ ಬಾಕಿ ಇರುವಾಗಲೇ ಕೆಳಗಡೆ ಹಾಲುಕ್ಕಿಸಿ ವಾಸ ಶುರುಮಾಡುತ್ತೇವೆ. ಕಟ್ಟುವಾಗಿನ ಪಾಲಿಸಿ, ಬಳಕೆಗೆ ತೆಗೆದುಕೊಂಡ ಭಾಗಕ್ಕೆ ಆ ದಿನವೇ ನಿಲ್ಲುತ್ತದೆ. ಹಾಗಾಗಿ ಕೆಳಮಹಡಿಗೆ ಮನೆ ವಿಮೆ ಆ ದಿನದಿಂದಲೇ ಜಾರಿಗೆ ಬರಬೇಕು, ಮೇಲಿನದಕ್ಕೆ ಹಳೆಯದು ಮುಂದುವರಿಯಬೇಕು.

ಮನೆ ವಿಮೆ ಎಂದರೆ ಈಗ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 2021ರ ಏಪ್ರಿಲ್ 1ರಿಂದ ಒಂದೇ ಷರತ್ತಿನಲ್ಲಿ ಕೊಡುತ್ತಿರುವ ಭಾರತ್ ಗೃಹ ರಕ್ಷಾ. ಇದು ಆಲ್ ರಿಸ್ಕ್ ಅಲ್ಲ, ಪಟ್ಟಿಯಲ್ಲಿರುವ ಕಾರಣಗಳಿಗೆ ಮಾತ್ರ: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಹೊರಗಿನ ವಸ್ತುವಿನ ಡಿಕ್ಕಿ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು-ಪೈಪು ಒಡೆಯುವುದು, ಇಂಥ ಘಟನೆಯಾದ 7 ದಿನದೊಳಗೆ ಅದರಿಂದಾಗಿಯೇ ಆದ ಕಳವು. ಸ್ಲ್ಯಾಬು ಸೋರಿ ಬಣ್ಣ ಹೋದದ್ದಕ್ಕೆ ಇಲ್ಲಿ ಹಣವಿಲ್ಲ. ಕಾಂಪೌಂಡು, ಸಂಪು, ಸೆಪ್ಟಿಕ್ ಟ್ಯಾಂಕು, ಚಾವಣಿಯ ಸೋಲಾರ್ ಎಲ್ಲ ಕಟ್ಟಡದ ಭಾಗವೇ, ಅವುಗಳ ಬೆಲೆ ಸೇರಿಸಿ. ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ, ತಾನಾಗೇ ಸೇರುತ್ತದೆ. ಸೈಟಿನ ಬೆಲೆ ಸೇರುವುದಿಲ್ಲ.

ಮೊತ್ತ ಬರುವುದು ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳ ಒಳಗಿನ ನೆಲದ ಅಳತೆಯನ್ನು, ನಿರ್ಮಾಣ ದರದಿಂದ ಗುಣಿಸಿ. ಇಲ್ಲೊಂದು ಕಂಡೂ ಕಾಣದ ಕೊರತೆ ಇದೆ. ಗೌಂಡಿ ಹೇಳುವ ದರ ಸ್ಲ್ಯಾಬಿನ ಅಳತೆಗೆ. 1,200 ಚದರಡಿ ಸ್ಲ್ಯಾಬಿಗೆ 2,000ದಂತೆ 24 ಲಕ್ಷ ಖರ್ಚಾಗಿ, ಒಳಗಿನ ಕಾರ್ಪೆಟ್ ಅಳತೆ 950 ಚದರಡಿ ಇದ್ದರೆ, 950ನ್ನು 2,000ದಿಂದ ಗುಣಿಸಿದಾಗ ಬರುವುದು 19 ಲಕ್ಷ. 5 ಲಕ್ಷ ಅಲ್ಲೇ ಮಾಯ. ಪೂರ್ತಿ ಖರ್ಚನ್ನು 950ರಿಂದ ಭಾಗಿಸಿ ಬಂದ 2,526ನ್ನು ದರವೆಂದು ಘೋಷಿಸಿ. ಅರ್ಜಿಯಲ್ಲಿ ಚದರ ಮೀಟರ್ ಕೇಳಿದರೆ 10.764ರಿಂದ ಗುಣಿಸಿ, ಸುಮಾರು 27,190. ಈ ಪಾಲಿಸಿಯಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿದ್ದೀರಿ ಎಂದು ಪಾಲು ಕತ್ತರಿಸುವ ಪದ್ಧತಿ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಮನೆ ಪೂರ್ತಿ ಹೋದರೆ ಬರೆಸಿದಷ್ಟೇ ಮಿತಿ.

ಹಳೆ ಮನೆಯ ಮೇಲೆ ಹೊಸ ಕೆಲಸ

ಮಗನ ಮದುವೆಗೆಂದು ಮೇಲೊಂದು ರೂಮು ಏರಿಸುವಾಗ ವಿಮಾ ಕಂಪನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಭಾರತ್ ಗೃಹ ರಕ್ಷಾದಲ್ಲಿ ಕಾರ್ಪೆಟ್ ಏರಿಯಾ ಶೇ. 10ಕ್ಕಿಂತ ಹೆಚ್ಚುವಂತೆ ಮಾಡಿದ ಸೇರ್ಪಡೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟ್ ಮಾಡಿಸದಿದ್ದರೆ, ರಕ್ಷಣೆಯ ಹೊರಗೆ. 800 ಚದರಡಿ ಮನೆಗೆ ಶೇ. 10 ಎಂದರೆ 80 ಚದರಡಿ. ಹತ್ತು ಅಡಿಗೆ ಹತ್ತು ಅಡಿಯ ಒಂದೇ ಕೋಣೆ 100 ಚದರಡಿ, ಮಿತಿ ದಾಟಿತು. ಟೈಲ್ಸು, ಅಡುಗೆಮನೆ ಬದಲಿಸಿದರೆ ಅಳತೆ ಹೆಚ್ಚದಿದ್ದರೂ ಬೆಲೆ ಹೆಚ್ಚುತ್ತದೆ, ಅದಕ್ಕೂ ಮೊತ್ತ ಏರಿಸಿ.

ಕೆಲಸ ನಡೆಯುವಾಗಿನ ಅಪಾಯ ಇದಕ್ಕಿಂತ ದೊಡ್ಡದು. ಅಂಗಡಿ ಮಾಡಲೆಂದು ಮುಂದಿನ ಗೋಡೆ ತೆಗೆದಾಗ ಸ್ಲ್ಯಾಬು ಬಾಗಿತು, ಪಕ್ಕದಲ್ಲಿ ಸಂಪು ತೋಡಿದಾಗ ಪಾಯ ಸರಿಯಿತು ಎನ್ನಿ. ಕೆಡಹುವಿಕೆ, ಕಟ್ಟುವಿಕೆ, ರಚನೆಯ ಬದಲಾವಣೆ, ನೆಲ ತೋಡುವುದು ಇವುಗಳಿಂದಾದ ಕುಸಿತವನ್ನು ಮನೆ ವಿಮೆ ಹೊರಗಿಟ್ಟಿದೆ. ಹೊಸ ಕೆಲಸಕ್ಕೆಂದು ತೆಗೆದ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಹೊಸ ಭಾಗಕ್ಕಷ್ಟೇ, ಅಡಿಯಲ್ಲಿರುವ ಹಳೆ ಮನೆಗಲ್ಲ. ಮಾಲೀಕರ ಈಗಿರುವ ಆಸ್ತಿ ಎಂಬ ಎಂಡಾರ್ಸ್‌ಮೆಂಟನ್ನು ಒಂದು ಮೊತ್ತ ಬರೆಸಿ ಸೇರಿಸಿದರೆ ಮಾತ್ರ ಕೆಳಗಿನ ಮನೆಗೂ ರಕ್ಷಣೆ. ಮೇಲೆ ಕಟ್ಟಡ ಏರಿಸುವವರಿಗೆ ಇದಿಲ್ಲದ ಪಾಲಿಸಿ ಅರ್ಧದಷ್ಟೂ ಉಪಯೋಗವಿಲ್ಲ. ಕೆಳಗಿನ ಕಾಲಮ್ಮು ಭಾರ ತಡೆಯುತ್ತದೆ ಎಂಬ ಎಂಜಿನಿಯರ ಪತ್ರ ಕೇಳುತ್ತಾರೆ, ಕೇಳದಿದ್ದರೂ ಮಾಡಿಸಿ. ಹಳೆಯದು ಮಣ್ಣಿನ ಮಾಳಿಗೆಯಾಗಿದ್ದರೆ ಅರ್ಜಿಯಲ್ಲಿ ಗೋಡೆ, ಚಾವಣಿ ಯಾವುದರದು ಎಂದು ಇದ್ದಂತೆಯೇ ಬರೆಯಿರಿ.

ನಷ್ಟವಾದಾಗ

ಮೊದಲು ಜನ ಸುರಕ್ಷಿತವಾಗಲಿ, ಹಾನಿ ಹೆಚ್ಚದಂತೆ ತಡೆಯಿರಿ, ಆದರೆ ಸರ್ವೇಯರ್ ನೋಡುವವರೆಗೆ ಬಿದ್ದದ್ದನ್ನು ಸಾಗಿಸಬೇಡಿ. ತೆಗೆಯಲೇಬೇಕಾದರೆ ನಾಲ್ಕೂ ದಿಕ್ಕಿನಿಂದ ವಿಡಿಯೋ ಮಾಡಿ. ಅದೇ ದಿನ ಫೋನಿನಲ್ಲಿ ಹೇಳಿ, ಮೇಲ್‌ನಲ್ಲೂ ಬರೆಯಿರಿ; ಕಟ್ಟುವಾಗಿನ ಪಾಲಿಸಿಯಲ್ಲಿ 14 ದಿನದೊಳಗೆ ತಿಳಿಸದಿದ್ದರೆ ಕಂಪನಿಗೆ ಹೊಣೆಯೇ ಇಲ್ಲ ಎಂಬ ಷರತ್ತಿದೆ. ಮಳೆ-ಗಾಳಿಯ ನಷ್ಟವಾದರೆ ಆ ದಿನ ನಿಮ್ಮ ಹೋಬಳಿಯಲ್ಲಿ ಎಷ್ಟು ಮಳೆ ಬಿತ್ತು ಎಂಬ ದಾಖಲೆ ಬಹಳ ಕೆಲಸಕ್ಕೆ ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಅಲ್ಲಿಂದ ಪಡೆಯಿರಿ. ಬ್ಯಾಂಕಿನ ಸಾಲವಿದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಹಣ ಮೊದಲು ಅಲ್ಲಿಗೆ ಹೋಗುತ್ತದೆ. ದುರಸ್ತಿಗೆ ಬಿಡುಗಡೆ ಮಾಡಿ ಎಂಬ ಅರ್ಜಿಯನ್ನು ಕ್ಲೇಮಿನ ಜೊತೆಯಲ್ಲೇ ಕೊಡಿ.

ಕಡಿಮೆ ಕೊಟ್ಟರು ಅಥವಾ ತಿರಸ್ಕರಿಸಿದರು ಎನಿಸಿದರೆ ಸರ್ವೇಯರ್ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ, ಯಾವ ಕಲಮಿನಡಿ ಕಡಿತವಾಗಿದೆ ಎಂದು ನೋಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ ಅಥವಾ 155255ಕ್ಕೆ ಕರೆಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಪಾಲಿಸಿ, ಅರ್ಜಿಯ ಪ್ರತಿ, ಬಿಲ್ಲುಗಳು, ದಿನಾಂಕ ಕಾಣುವ ಫೋಟೋಗಳು, ಕಬ್ಬಿಣದ ರಿಜಿಸ್ಟರ್, ಎಂಜಿನಿಯರ ಭಾಗವಾರು ಅಂದಾಜು, ಕಂಪನಿಯ ಜೊತೆಗಿನ ಪತ್ರವ್ಯವಹಾರ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕಳುಹಿಸಿದರೆ ಸಾಕು.